ಚರ್ಚಿನ ಬೆಳಕಿಂಡಿ

ತೆಲುಗು ಸೀಮೆಯ ಅಂಚಿನ ನಮ್ಮ ಆಲೂರಿನ ಹೊರಗೆ ಪಾದ್ರಿಗಳು ಚರ್ಚು ಕಟ್ಟಿಸಲು ಶುರು ಮಾಡಿದಾಗ ನನಗೆ ಇಪ್ಪತ್ತು ತುಂಬಿರಬೇಕು. ಗೌಂಡಿ ಕೆಲಸ ನಮ್ಮಪ್ಪನದು, ಕಲ್ಲು ಗಾರೆ ಹೊರುವುದು ನನ್ನದು. ಆದವಾನಿಯಲ್ಲಿ ನಾನು ಕಂಡಿದ್ದ ಚರ್ಚಿಗೆ ಕಮಾನಿತ್ತು, ಗೋಪುರವಿತ್ತು, ಗಂಟೆಯಿತ್ತು. ಇದಕ್ಕೆ ಒಂದೂ ಇಲ್ಲ. ನಾಲ್ಕು ಬೋಳು ಗೋಡೆ, ಮೇಲೆ ಸಿಮೆಂಟಿನ ಚಪ್ಪಟೆ ಮಾಳಿಗೆ.

ನಾನು ಮೊದಲಿನಿಂದಲೂ ಅನುಮಾನದವಳು. "ಇದು ದೇವರ ಗುಡಿ ಅಲ್ಲಪ್ಪ, ಹತ್ತಿ ಗೋದಾಮು. ನಿನ್ನ ಕೈಲೆ ಕಟ್ಟಿಸಿ ಆಮ್ಯಾಲ ಏನ್ ತುಂಬತಾರ ನೋಡು" ಎಂದೆ. ಅಪ್ಪ ನಕ್ಕುಬಿಟ್ಟ.

ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂದದ್ದು ಮಾಳಿಗೆಯ ಬೆಳಕಿಂಡಿಯ ಮೇಲೆ. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಒಲೆಯ ನೇರಕ್ಕೆ ಒಂದು ಕಿಂಡಿ ಬಿಟ್ಟಿರುತ್ತಾರೆ. ಮೋಡ ಕಂಡ ಕೂಡಲೇ ಮನೆಯ ಹೆಂಗಸು ಮೇಲೆ ಹತ್ತಿ ಅದಕ್ಕೆ ಚಪ್ಪಡಿ ಬಂಡೆ ಮುಚ್ಚಬೇಕು. ಇಲ್ಲಿ ಆ ಕಿಂಡಿ ಪೂಜೆಯ ಮೇಜಿನ ನೇರಕ್ಕಿತ್ತು, ಅದರ ಮೇಲೊಂದು ದಪ್ಪ ಗಾಜು. ಬೇರೆ ಅಲಂಕಾರ ಬೇಡ, ಬೆಳಕು ಬಂದರೆ ದೇವರು ಬಂದ ಹಾಗೆ ಎಂದು ಪಾದ್ರಿಗಳು ಮುರುಕು ತೆಲುಗಿನಲ್ಲಿ ಹೇಳಿದರು. ಚಂದದ ಮಾತಾಡಿ ಅಪ್ಪನನ್ನು ಮರುಳು ಮಾಡುತ್ತಿದ್ದಾರೆ ಎಂದುಕೊಂಡೆ. ಗಾಜಿನ ಸಂದಿಯಲ್ಲಿ ಒಂದು ಹನಿ ಸೋರಿದರೂ ಹೆಸರು ಕೆಡುವುದು ಅವನದೇ. ಸುಣ್ಣದ ಗಾರೆ ಬಿಟ್ಟು ಸಿಮೆಂಟು ಹಿಡಿದ ಅವನ ಮೊದಲ ಕೆಲಸ ಅದು. ಕೆಟ್ಟರೆ ಪೆದ್ದಹರಿವಾಣಂ ಊರಿನವರೆಗೂ ಅವನನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಚರ್ಚು ತೆರೆಯುವ ದಿನ ಬೆಳಿಗ್ಗೆ ಮೋಡ ಕವಿಯಿತು. ಯಾರಿಗೂ ಹೇಳದೆ ಏಣಿ ಹತ್ತಿದೆ. ಕೆಲಸದಲ್ಲಿ ಮಿಕ್ಕು ಮಾಳಿಗೆಯ ಮೇಲೇ ಬಿದ್ದಿದ್ದ ಬಂಡೆಯೊಂದನ್ನು ಗಾಜಿನ ಮೇಲೆ ಎಳೆದು ಇಳಿದು ಬಂದೆ.

ಮಳೆ ಬರಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಹೊರಗೆ ಚುರುಚುರು ಬಿಸಿಲು, ಒಳಗೆ ಮೇಜಿನ ಮೇಲೆ ಕತ್ತಲು. ಪಾದ್ರಿಗಳು ಮೇಲೆ ನೋಡಿದರು, ಆಮೇಲೆ ಅಪ್ಪನ ಕಡೆ ನೋಡಿದರು. "ಗೌಂಡಿ ಕೆಡಿಸ್ಯಾನ" ಎಂದು ಹಿಂದೆ ಯಾರೋ ಅಂದರು. ಅಪ್ಪ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮೇಲೆ ಬಂಡೆ ಸರಿದ ಸದ್ದಾಯಿತು. ಬೆಳಕು ಬೋಳು ಗೋಡೆಯ ಗುಂಟ ಇಳಿದು ಸರಿಯಾಗಿ ಮೇಜಿನ ನಡುವೆ ಬಿತ್ತು. ಅಷ್ಟು ಜನರೂ ಕತ್ತೆತ್ತಿ ನೋಡಿದರು. ಆ ಗೋಡೆಗಳನ್ನು ಯಾಕೆ ಬೋಳು ಬಿಟ್ಟಿದ್ದರೆಂದು ನನಗೆ ತಿಳಿದದ್ದು ಆಗ.

ನಾನು ಹೊರಗೆ ಬಂದಾಗ ಏಣಿಯ ಬುಡದಲ್ಲಿ ಅಪ್ಪ ಕೈ ಒರೆಸಿಕೊಳ್ಳುತ್ತಿದ್ದ.

"ಸೋರಿದ್ರ ನಿನ್ನ ಹೆಸರು ಕೆಡತೈತಿ ಅಂತ ಮುಚ್ಚಿದ್ನೆಪ್ಪ" ಎಂದೆ. ಅಳು ಬಂತು.

"ಆ ಗಾಜು ಕೂಡಿಸಿ ಮೂರು ದಿನ ಕೊಡಗಟ್ಟಲೆ ನೀರು ಸುರುವಿ ನೋಡೀನಿ. ಒಂದು ಹನಿ ಸೋರಲಿಲ್ಲ" ಎಂದ ಅಪ್ಪ. "ಆ ನೀರು ಹೊತ್ತಾಕಿ ನೀನ ಅಲ್ಲೇನವ್ವಾ?"