ಎಡಗೈಯಲ್ಲಿದ್ದ ಕೈ

ಇದನ್ನು ನಂಬಿ ಎಂದು ಕೇಳುವುದಿಲ್ಲ. ಆ ಸಂಜೆ ನನ್ನ ಎಡಗೈಯಲ್ಲಿ ಏನಿತ್ತು ಎಂಬುದನ್ನು ಮಾತ್ರ, ಏನೂ ಸೇರಿಸದೆ, ಬರೆಯುತ್ತೇನೆ.

ಜೂನ್ ತಿಂಗಳು. ಸಿಡ್ನಿಯಲ್ಲಿ ಆಗ ಚಳಿಗಾಲ, ಐದೂವರೆಗೆಲ್ಲ ಕತ್ತಲೆ. ನಮ್ಮ ಮನೆಯಿರುವ ಗಿರಾವೀನ್‌ನಿಂದ ನಾವು ಮೂವರು ಸಮುದ್ರದಂಚಿನ ಒಂದು ಪುಟ್ಟ ಸಬರ್ಬ್‌ಗೆ ಹೋಗಿದ್ದೆವು. ಅಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ಈಜುಕೊಳವಿದೆ. ಅಲೆಗಳು ಅಂಚು ದಾಟಿ ಕೊಳದೊಳಗೆ ಬೀಳುತ್ತವೆ. ಅಂಚಿನುದ್ದಕ್ಕೂ ತಡೆಗೆಂದು ಕಟ್ಟಿದ, ತುಕ್ಕು ಹಿಡಿದ ಸರಪಳಿ.

ಹೆಂಡತಿ ಸುಮಾ ಕಾರಿನಿಂದ ಇಳಿಯಲಿಲ್ಲ. "ಲಗೂ ಬರ್ರಿ. ಬೋರ್ಡ್ ಕಂಡ್ರ ಸಾಕು, ಪರೀಕ್ಷಾಕ್ಕ ಓದಿದಂಗ ಓದ್ತೀರಿ!"

ಏಳು ವರ್ಷದ ಮಗಳು ಅನ್ವಿಗೆ ನಾನೇ ಉಣ್ಣೆಯ ಗವಸು ಹಾಕಿದೆ. ಎರಡೂ ಕೈಗೆ. ಇದು ಖಚಿತವಾಗಿ ನೆನಪಿದೆ.

ಕೊಳದ ಬಳಿ ಆ ಜಾಗದ ಚರಿತ್ರೆಯ ಫಲಕವಿತ್ತು. ಎಡಗೈಯಲ್ಲಿ ಮಗಳ ಬಲಗೈ ಹಿಡಿದು, ಮೊಬೈಲ್ ಬೆಳಕಿನಲ್ಲಿ ಓದತೊಡಗಿದೆ. ಒಂದು ಕಾಲದಲ್ಲಿ ಇಲ್ಲಿಯವರೆಗೆ ಟ್ರಾಮ್ ಬರುತ್ತಿತ್ತು... ಮರದ ನೃತ್ಯಶಾಲೆ ಇತ್ತು... ಕೆಳಗೊಂದು ಮಸುಕು ಚಿತ್ರ. ಈಜುಡುಗೆಯ ಮಕ್ಕಳು ಕೈಕೈ ಹಿಡಿದು ಕೊಳದ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ಆಗ ಸರಪಳಿ ಇರಲಿಲ್ಲ. ಆಮೇಲೆ ಏಕೆ ಹಾಕಿದರು ಎಂದು ಹುಡುಕಿದೆ, ಫಲಕದಲ್ಲಿ ಬರೆದಿರಲಿಲ್ಲ.

ಪಾಚಿಯ ವಾಸನೆ ಬಂತು. ತೀರಾ ಹತ್ತಿರದಿಂದ. ನಾನು ಹಿಡಿದಿದ್ದು ಬರಿಗೈ, ಒದ್ದೆಯಾದ ಬರಿಗೈ, ಎಂದು ಆಗ ಅರಿವಾಯಿತು.

"ಗವಸು ಯಾಕ ತಗದಿ, ಪುಟ್ಟಿ?"

ಉತ್ತರ ಬಂದದ್ದು ಕೊಳದ ಆಚೆಯ ಅಂಚಿನಿಂದ.

"ಅಪ್ಪಾ... ಡೋಂಟ್ ಪುಲ್..."

ನಾನು ಪಕ್ಕಕ್ಕೆ ನೋಡಲಿಲ್ಲ. ಕೈ ಕಿತ್ತುಕೊಂಡೆ, ಮೊದಲ ಸಲ ಅದು ಬಿಡಲಿಲ್ಲ. ಎರಡನೆಯ ಸಲ ಬಿಟ್ಟಿತು. ಓಡಿದೆ.

ಅನ್ವಿ ಸರಪಳಿಯ ಹೊರಗೆ, ಸಮುದ್ರದ ಕಡೆ ನಿಂತಿದ್ದಳು. ಅವಳನ್ನು ಎತ್ತಿಕೊಂಡು ಹಿಂದೆ ಸರಿದೆ. ಅವಳು ನಿಂತಿದ್ದ ಜಾಗದ ಮೇಲೆಯೇ ಅಲೆ ಒಡೆಯಿತು.

"ಒಬ್ಬಾಕಿನ ಯಾಕ ಬಂದಿ?"

"ಬಟ್ ಅಪ್ಪಾ, ಯೂ ವರ್ ಹೋಲ್ಡಿಂಗ್ ಮೈ ಹ್ಯಾಂಡ್."

ಎರಡೂ ಗವಸುಗಳು ಅವಳ ಕೈಯಲ್ಲೇ ಇದ್ದವು. ಎಡಗೈಯದು ಒಣಗಿಯೇ ಇತ್ತು. ಬಲಗೈಯದನ್ನು ಹಿಂಡಿದಾಗ ನೀರು ಸುರಿಯಿತು.

ಕಾರಿನಲ್ಲಿ ಸುಮಾ ಎಲ್ಲ ಕೇಳಿ, ಮಗಳ ಒದ್ದೆ ಗವಸು ತೆಗೆಯುತ್ತ ಅಂದಳು: "ಕೂಸು ಸಿಕ್ತಲ್ಲ. ಇನ್ನ ಆ ಮಾತು ಬ್ಯಾಡ."

ನಾವು ಆ ಮಾತೆತ್ತುವುದಿಲ್ಲ. ಆದರೆ ರಸ್ತೆ ದಾಟುವಾಗ ನಾನು ಮೊದಲು ಮಗಳ ಮುಖ ನೋಡಿ, ಆಮೇಲೆ ಕೈ ಹಿಡಿಯುತ್ತೇನೆ. ಏಕೆಂದು ಅವಳಿಗೆ ಹೇಳಿಲ್ಲ.

ಕಳೆದ ವಾರ ಶಾಲೆಯ ಮುಂದೆ ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ನನ್ನ ಮುಖವನ್ನೇ ತುಸು ಹೊತ್ತು ನೋಡಿದಳು. ಆಮೇಲೆ, ಎಂದೂ ಇಲ್ಲದೆ ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು:

"ಅಪ್ಪಾ... ಇದು ನೀನೇ ಏನು?"