ಹೊಸ ಕ್ಯಾಮ್‌ಶಾಫ್ಟಿನ ಇಪ್ಪತ್ತು ನಿಮಿಷ

೧೯೪೪ರಲ್ಲಿ ನಾನು ಕೊಪ್ಪಳದ ಒಂದು ಮೋಟಾರು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಓದಿದ್ದು ಮೂರನೆಯ ತರಗತಿ. ಉಳಿದದ್ದನ್ನು ಕೈ ಕಲಿತಿತ್ತು. ತಮ್ಮ ನಿಂಗಪ್ಪ ಸೊಲ್ಲಾಪುರದಲ್ಲಿ ಕೆಲಸ ಕಲಿತು ಆ ವರ್ಷ ನಮ್ಮ ಗ್ಯಾರೇಜಿಗೇ ಬಂದ. ಕುಷ್ಟಗಿ ಬಸ್ಸಿನ ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸವನ್ನು ಮಾಲಕರು ನನ್ನನ್ನು ಬಿಟ್ಟು ಅವನಿಗೆ ಕೊಟ್ಟರು.

“ಉಸ್ತಾದ್, ಇನ್ನ ನೀವು ಪಾನಾ ಕೊಡ್ರಿ, ತಮ್ಮ ನಟ್ಟು ತಿರುವ್ಲಿ,” ಎಂದು ಡ್ರೈವರ್ ಖಾಸಿಂ ನಕ್ಕ. ನಾನೂ ನಕ್ಕೆ. ಅಂದು ಊಟಕ್ಕೆ ತಮ್ಮನ ಜೊತೆ ಕೂರಲಿಲ್ಲ.

ಯುದ್ಧದ ಕಾಲ. ಕ್ಯಾಮ್‌ಶಾಫ್ಟ್ ಮುಂಬಯಿಯಿಂದ ಬರಲು ತಿಂಗಳುಗಳೇ ಹಿಡಿದವು. ವಾಲ್ವುಗಳನ್ನು ಎತ್ತಿ ಇಳಿಸುವ ಉಬ್ಬುಗಳಿರುವ ಉಕ್ಕಿನ ದಂಡ ಅದು. ಹೊಸದನ್ನು ಹಾಕಿದಾಗ ಮೊದಲ ಇಪ್ಪತ್ತು ನಿಮಿಷ ಇಂಜಿನ್ನನ್ನು ಜೋರಾಗಿಯೇ ಓಡಿಸಬೇಕು. ನಿಧಾನವಾದರೆ ಎಣ್ಣೆ ಸಿಡಿದು ಆ ಉಬ್ಬುಗಳಿಗೆ ತಲುಪುವುದಿಲ್ಲ. ಉಕ್ಕನ್ನು ಉಕ್ಕೇ ತಿನ್ನುತ್ತದೆ.

ಇಂಜಿನ್ ಶುರುವಾದ ಕೂಡಲೇ ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ನಿಂಗಪ್ಪ ಪೆಡಲ್ ಒತ್ತಿ ಕೂತಿದ್ದ. ಮಾಲಕರ ತಾಯಿ ಆರತಿ ಹಿಡಿದು ಗದರಿದರು: “ಯಪ್ಪಾ, ಎಷ್ಟ್ ಒದರಸ್ತೀಯೋ! ದೇವರಿಗೂ ಕಿವಿ ಅದಾವ.”

“ಇಪ್ಪತ್ತ ಮಿನಿಟು ತಡೀರಿ, ಅವ್ವಾರ.”

ಮಾಲಕರು ಕೇಳಲಿಲ್ಲ. “ಕಾಯಿ ನೀನ ಒಡೀಬೇಕು, ಇಳಿ,” ಎಂದರು. ಅಲ್ಲಿಯವರೆಗೆ ಆ ಕಾಯಿ ಒಡೆಯುತ್ತಿದ್ದವನು ನಾನು.

“ಅಣ್ಣಾ, ನೀ ಕುಂದರು. ಕಾಲ ಸಡ್ಲ ಬಿಡಬ್ಯಾಡ,” ಎಂದು ನಿಂಗಪ್ಪ ಇಳಿದ.

ಮಾಲಕರು ಅವನ ತಲೆಗೆ ರುಮಾಲು ಸುತ್ತತೊಡಗಿದರು. ನಾನು ಪೆಡಲಿನಿಂದ ಕಾಲೆತ್ತಿದೆ. ಜಾಗಟೆಯ ಸದ್ದಿನಲ್ಲಿ ಇಂಜಿನ್ ತಗ್ಗಿದ್ದು ತಮ್ಮನಿಗೆ ಗೊತ್ತಾಗಲಿಲ್ಲ. ಗಾಡಿಯ ಪಕ್ಕದಲ್ಲೇ ನಿಂತಿದ್ದ ಆ ತಾಯಿ ಮಾತ್ರ, “ಈಗ ನೋಡ್ರಿ, ಎಷ್ಟ್ ಛಲೋ ನಡದೈತಿ!” ಎಂದು ಹಿಗ್ಗಿದರು. ಮಂಗಳಾರತಿ ಮುಗಿದು ಅವನು ತಿರುಗುವಷ್ಟರಲ್ಲಿ ಮತ್ತೆ ಪೆಡಲ್ ಒತ್ತಿದೆ.

ವಾರದೊಳಗೆ ಬಸ್ಸು ಟಕಟಕ ಅನ್ನತೊಡಗಿತು. ಬಿಚ್ಚಿದರೆ ಎರಡು ಉಬ್ಬುಗಳು ಸವೆದು ಚಪ್ಪಟೆಯಾಗಿದ್ದವು. “ಅವತ್ತ ಇಂಜಿನ್ ಸರಿ ಓಡಿತ್ತೇನು?” ಎಂದು ಮಾಲಕರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ನಿಂಗಪ್ಪ ಅಂದ:

“ಪೆಡಲ್ ಮ್ಯಾಲೆ ನಮ್ಮಣ್ಣ ಕುಂತಿದ್ದನ್ರಿ. ಅದರಾಗ ಸಂಶೇನ ಬ್ಯಾಡ. ನಾನ ಎಲ್ಲ್ಯೋ ತಪ್ಪೇನಿ.”

ಅವನ ಕೆಲಸ ಹೋಯಿತು. ಸೊಲ್ಲಾಪುರಕ್ಕೆ ಹೊರಟವನನ್ನು ನಾನೇ ರೈಲು ಹತ್ತಿಸಿದೆ. ಬುತ್ತಿ ಕೊಟ್ಟೆ, ನಿಜ ಹೇಳಲಿಲ್ಲ.

ಮುಂದೆ ಬಂದ ಶಾಫ್ಟನ್ನು ನಾನೇ ಹಾಕಿ, ತಮ್ಮ ಹೇಳಿದಂತೆಯೇ ಓಡಿಸಿದೆ. ಬಸ್ಸು ಚೆನ್ನಾಗಿ ನಡೆಯಿತು. ಮಾಲಕರು ಬೆನ್ನು ತಟ್ಟಿದರು. ಕೆಲಸ ಗೊತ್ತಿಲ್ಲದವನು ಇಂಜಿನ್ ಕೆಡಿಸಿದರೆ ಅವನಿಗೆ ಕಲಿಸಬಹುದು. ನನಗೆ ಗೊತ್ತಿತ್ತು. ಗ್ಯಾರೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಜಬೇಕಾದದ್ದು ಕೆಲಸ ಬಲ್ಲ ಹೊಟ್ಟೆಕಿಚ್ಚಿನವನಿಗೆ.