ಎರಡು ದನಿ ಕೇಳಬೇಕು

ಅಕ್ಕನ ಗಂಡ ಗಾರೆ ಕೆಲಸದವನು. ಒಂದು ದಿನ ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದ, ಸತ್ತ. ಅಂದಿನಿಂದ ಯಾರಾದರೂ ಕೆಲಸಕ್ಕೆ ಹೊರಟರೆ ಸಾಕು, ಅಕ್ಕನ ಎದೆ ಝಲ್ಲೆನ್ನುತ್ತಿತ್ತು. ಅಂಥದರಲ್ಲಿ ತಂಗಿ ತನ್ನಿಬ್ಬರು ಮಕ್ಕಳಲ್ಲಿ ಚಿಕ್ಕವನನ್ನು ಕಂಕುಳಲ್ಲಿ ಎತ್ತಿಕೊಂಡು, ದೊಡ್ಡವಳನ್ನು ಕೈಹಿಡಿದು ದಿನಾ ಲಾಂಡ್ರಿ ಕೆಲಸಕ್ಕೆ ಹೋಗುತ್ತಿದ್ದಳು. ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬರುವ ಲಾಂಡ್ರಿ. ಕುದಿಯುವ ನೀರು, ಹಬೆ, ಬಾಗಿಲಿನಷ್ಟು ಅಗಲದ ಇಸ್ತ್ರಿ ಯಂತ್ರ.

"ಮಕ್ಕಳನ್ನ ನನ್ನ ಹತ್ರ ಬಿಡೇ" ಅಂತ ಅಕ್ಕ ಅಂದರೆ ತಂಗಿ, "ನಿನ್ನ ಮನೇಲಿ ಅಳು ಬಿಟ್ಟು ಇನ್ನೇನಿದೆ ಅಕ್ಕಾ? ಮಕ್ಕಳು ಹೆದರ್ತಾವೆ" ಅಂದುಬಿಟ್ಟಳು.

ಮಾತು ಚುಚ್ಚಿತು. ಸುಳ್ಳಂತೂ ಅಲ್ಲ.

ಒಂದು ಬೆಳಗ್ಗೆ ಅಕ್ಕನಿಗೆ ತಡೆಯಲಾಗಲಿಲ್ಲ. ಇವತ್ತು ಮಕ್ಕಳನ್ನು ಎಳೆದುಕೊಂಡಾದರೂ ಬರುತ್ತೇನೆ ಅಂತ, ಪುಸಲಾಯಿಸಲು ಬಾಳೆಹಣ್ಣು ಹಿಡಿದು ಹೊರಟೇಬಿಟ್ಟಳು.

ಲಾಂಡ್ರಿಯೊಳಗೆ ಹಬೆಯಲ್ಲಿ ನಾಲ್ಕು ಹೆಜ್ಜೆ ಆಚೆಯವರ ಮುಖ ಕಾಣದು. ಬಟ್ಟೆ ತಳ್ಳುವ ಗಾಲಿ ಬುಟ್ಟಿಯನ್ನು ಕಂಬಕ್ಕೆ ಕಟ್ಟಿ ಅದರೊಳಗೆ ಇಬ್ಬರನ್ನೂ ಕೂರಿಸಿದ್ದರು. "ದೊಡ್ಡಮ್ಮಾ!" ಅಂತ ಚಿಕ್ಕವನು ಕೈ ಚಾಚಿದ. ಅವನನ್ನು ಎತ್ತಿ ಕೆಳಗಿಳಿಸಿ, ಕೈಗೊಂದು ಹಣ್ಣು ಕೊಟ್ಟು, ಅಕ್ಕ ಅಲ್ಲೇ ಚಾದರ ಮಡಿಸುತ್ತಿದ್ದ ತಂಗಿಯ ಕಡೆ ತಿರುಗಿದಳು.

"ಇದೇನೇ, ಮಕ್ಕಳನ್ನ ಕುರಿಮರಿ ಥರ ಕಟ್ಟಿದ್ದೀಯ?"

ಅಷ್ಟರಲ್ಲಿ ಇಸ್ತ್ರಿ ಯಂತ್ರದ ಹೆಂಗಸು ಕೂಗಿದಳು. "ಬಿಸೀ!"

"ಇಲ್ಲೇ ಇದೀನಿ!" ದೊಡ್ಡವಳ ದನಿ. ಅದೊಂದೇ.

ಕೆಲಸವೆಲ್ಲ ನಿಂತಿತು. ಚಾದರ ಮಡಿಸುತ್ತಿದ್ದವರು ಮಡಿಸುತ್ತಿದ್ದ ಹಾಗೇ ನಿಂತರು. ಆ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ ಅದು. "ಬಿಸಿ" ಅಂತ ಕೂಗಿದ ಮೇಲೆ ಮಕ್ಕಳ ಎರಡು ದನಿ ಕೇಳದೆ ಯಂತ್ರದ ಕಾದ ಮುಚ್ಚಳ ಇಳಿಯಬಾರದು.

"ಚಿಕ್ಕೋನು ಎಲ್ಲಿ?" ತಂಗಿಯ ಮುಖ ಬಿಳಿಚಿಕೊಂಡಿತು. ಗೋಡೆ, ಗಂಡ, ಎಲ್ಲ ಅಕ್ಕನ ಕಣ್ಣಮುಂದೆ ಬಂತು. ಇಳಿಸಿದವಳು ತಾನೇ.

"ದೊಡ್ಡಮ್ಮನ ಹಿಂದೆ ಇದಾನಲ್ಲ!" ಬುಟ್ಟಿಯಿಂದ ದೊಡ್ಡವಳು ನಕ್ಕಳು.

ಇದ್ದ. ಎರಡೂ ಕೆನ್ನೆ ಊದಿಸಿಕೊಂಡು ನಿಂತಿದ್ದ. ಇಡೀ ಹಣ್ಣು ಬಾಯೊಳಗೆ. ಕೂಗಲು ಪಾಪ ಪ್ರಯತ್ನ ಮಾಡುತ್ತಲೇ ಇದ್ದ, "ಮ್ಮ್ಮ್" ಅಂತ.

"ಯಾರಮ್ಮಾ ಇವನ ಬಾಯಿ ತುಂಬಿಸಿದ್ದು?" ಯಂತ್ರದವಳು ಸೊಂಟಕ್ಕೆ ಕೈಯಿಟ್ಟಳು. "ಮಕ್ಕಳಿಗೆ ತಿನ್ನೋಕೆ ಕೊಡೋದು ಯಂತ್ರ ಆರಿದಾಗ. ಅಷ್ಟೂ ಗೊತ್ತಾಗಲ್ವಾ?"

"ನಾನೇ. ಇವನ ದೊಡ್ಡಮ್ಮ."

"ದೊಡ್ಡಮ್ಮ ಆದ್ರೆ ಅಷ್ಟು ದೊಡ್ಡ ಹಣ್ಣಾ ಕೊಡೋದು!"

ಹೆಂಗಸರೆಲ್ಲ ಗೊಳ್ಳೆಂದರು. ಅಕ್ಕ ಬುಟ್ಟಿಗೆ ಒರಗಿ ಕೂತಳು. ಚಿಕ್ಕವನು ಹಣ್ಣು ನುಂಗಿ, ಗಂಟಲು ಹರಿಯುವ ಹಾಗೆ "ಇಲ್ಲೇ ಇದೀನಿ!" ಅಂದ. ಆಮೇಲೆಯೇ ಮುಚ್ಚಳ ಇಳಿಯಿತು.

ತಂಗಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಕರ್ಕೊಂಡು ಹೋಗೋಕೆ ತಾನೇ ಬಂದಿದ್ದು?"

"ಹೌದು. ಈಗ ಬೇಡ. ಇಲ್ಲಿ ಇಷ್ಟು ಜನ ಕಾಯ್ತಾರೆ. ಅಲ್ಲಿ ನಾನೊಬ್ಬಳೇ." ಅಕ್ಕ ಚಿಕ್ಕವನನ್ನು ಎತ್ತಿ ಮತ್ತೆ ಬುಟ್ಟಿಯಲ್ಲಿ ಕೂರಿಸಿದಳು. "ರಜೆ ದಿನ ಕಳಿಸು."

"ಅಳಲ್ಲ ಅಂತ ಮಾತು ಕೊಡ್ತೀಯಾ?"

"ಕೊಡಲ್ಲ. ಕಡಿಮೆ ಅಳ್ತೀನಿ."